ಜಾವಾ ಮತ್ತು ರೋಡ್‌ಕಿಂಗ್: ಮೂಲ ಮತ್ತು ಮರುಬರಹ

ಘೋಣಸಗಿಯ ನಮ್ಮ ಮನೆಯ ತಗಡಿನ ಶೆಡ್ಡಿನಲ್ಲಿ ಎರಡು ಮೋಟರ್ ಸೈಕಲ್ಲುಗಳು ಪಕ್ಕಪಕ್ಕದಲ್ಲೇ ನಿಂತಿದ್ದವು. ಒಂದು ನಮ್ಮ ಕಾಕಾನ ಜಾವಾ, ಅರವತ್ತರ ದಶಕದ್ದು. ಇನ್ನೊಂದು ಅಪ್ಪನ ಯೆಜ್ದಿ ರೋಡ್‌ಕಿಂಗ್, ಎಂಬತ್ತರ ದಶಕದ್ದು. ಎರಡೂ ಹುಟ್ಟಿದ್ದು ಮೈಸೂರಿನ ಒಂದೇ ಕಾರ್ಖಾನೆಯಲ್ಲಿ. ಹೋದ ಬೇಸಿಗೆಯಲ್ಲಿ ಹಳೆಯ ಗಾಡಿಗಳನ್ನು ಕೊಳ್ಳುವ ಹವ್ಯಾಸದವರೊಬ್ಬರು ಪುಣೆಯಿಂದ ಹುಡುಕಿಕೊಂಡು ಬಂದರು. ಜಾವಾದ ಸುತ್ತ ಮೂರು ಸಲ ತಿರುಗಿದರು, ಟ್ಯಾಂಕಿನ ಮೇಲಿನ ಧೂಳನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿದರು, ಮಂಡಿಯೂರಿ ಎಂಜಿನ್ನಿನ ನಂಬರು ಓದಿದರು. ರೋಡ್‌ಕಿಂಗಿನ ಸೀಟಿನ ಮೇಲೆ ತಮ್ಮ ಬ್ಯಾಗು ಇಟ್ಟಿದ್ದರು, ಅಷ್ಟೇ.

ಅವರು ಜಾವಾಕ್ಕೆ ಹೇಳಿದ ಬೆಲೆ ಸಣ್ಣದಾಗಿರಲಿಲ್ಲ. ಅಕಾಲದ ಮಳೆಗೆ ದ್ರಾಕ್ಷಿ ಕಳೆದುಕೊಂಡು ಕೂತಿದ್ದ ಮನೆಗಂತೂ ಅಲ್ಲ. ಕಾಕಾ ಚಹಾದ ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ತಮ್ಮಾ, ನೀ ಕಾಲೇಜಿನ್ಯಾಗ ಹುಡುಗ್ರಿಗೆ ಆ ಕವಿ ದೊಡ್ಡಾಂವ ಈ ಕವಿ ದೊಡ್ಡಾಂವ ಅಂತ ಹೇಳಿಕೊಡ್ತೀಯಲ್ಲಾ. ಈಗ ಹೇಳು, ಎರಡರಾಗ ಯಾವುದು ಛಲೋ? ಯಾವುದು ಕೊಡೂಣು, ಯಾವುದು ಇಟ್ಕೊಳ್ಳೂಣು?"

ನಾನು ಆಗ ಏನೂ ಹೇಳಲಿಲ್ಲ. ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಕಾಕಾ ಕೇಳಿದ್ದು ಗಾಡಿಯ ಪ್ರಶ್ನೆಯಂತೆ ಕಂಡರೂ ಅದು ವಿಮರ್ಶೆಯ ಪ್ರಶ್ನೆ. ಬೇರೆ ಬೇರೆ ಕಾಲದ ಎರಡು ಕೃತಿಗಳನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ಮೋಟಾರು ಜಗತ್ತಿನಲ್ಲಿ ಈ ತೂಕದ ಆಟ ಹೊಸದೇನಲ್ಲ. ಎರಡು ಕಾಲದ ಎರಡು ಸ್ಪೋರ್ಟ್ಸ್ ಕಾರುಗಳನ್ನು ಎದುರುಬದುರು ನಿಲ್ಲಿಸಿ ಯಾವುದು ವೇಗ, ಯಾವುದು ಚೆಲುವು ಎಂದು ಅಂಕ ಕೊಡುವ ವಿಡಿಯೋಗಳನ್ನು ನನ್ನ ವಿದ್ಯಾರ್ಥಿಗಳು ತನ್ಮಯರಾಗಿ ನೋಡುತ್ತಾರೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಜಾಗ್ವಾರ್ ಇ-ಟೈಪ್. 1961ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಆ ಉದ್ದ ಮೂತಿಯ ಕಾರು ನಮ್ಮ ಸೀಮೆಯ ಯಾವ ರಸ್ತೆಗೂ ಬರಲಿಲ್ಲ. ಆದರೆ ಅದೇ 1961ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಮೊದಲ ಜಾವಾಗಳು ಹೊರಬಂದವು. ತಿಕೋಟಾ ಕಡೆಯ ಹಳ್ಳಿಯ ಹುಡುಗನೊಬ್ಬ ವೇಗ ಎಂದರೇನು, ಗಾಡಿಯೊಂದು ಚೆಂದ ಇರುವುದೆಂದರೇನು ಎಂದು ಮೊದಲು ಕಂಡುಕೊಂಡದ್ದು ಇ-ಟೈಪಿನಲ್ಲಿ ಅಲ್ಲ, ಈ ಫಟಫಟಿಯಲ್ಲಿ. ನಮ್ಮ ಸ್ಪೋರ್ಟ್ಸ್ ಕಾರು ಎಂದರೆ ಇದೇ.

ಆ ಕಾರ್ಖಾನೆಯ ಕತೆಯನ್ನು ಚುಟುಕಾಗಿ ಹೇಳಬೇಕು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಂಪನಿ ಅದು. ಜಯಚಾಮರಾಜೇಂದ್ರ ಒಡೆಯರ ಒತ್ತಾಸೆ ಅದರ ಬೆನ್ನಿಗಿತ್ತು. ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್ ಸೈಕಲ್ ವಿಭಾಗವನ್ನು ಕೊಂಡಾಗ, ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಅದರ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿಕೊಂಡ. ಮೈಸೂರಿನವರು ಆ ಗಾಡಿಯನ್ನು ಪರವಾನಗಿ ಪಡೆದು ತಯಾರಿಸಿದರು. ಮೊದಮೊದಲು ಬಿಡಿಭಾಗಗಳು ಅಲ್ಲಿಂದಲೇ ಬರುತ್ತಿದ್ದವು, ಬರಬರುತ್ತ ಇಲ್ಲಿಯೇ ಆಗತೊಡಗಿದವು. ಎಪ್ಪತ್ತರ ದಶಕದ ಮೊದಲಿಗೆ ಜಾವಾ ಹೆಸರು ಹೋಗಿ ಯೆಜ್ದಿ ಎಂಬ ಹೆಸರು ಬಂತು. ಈ ಹೆಸರಿಗೆ ಎರಡು ವ್ಯುತ್ಪತ್ತಿ ಹೇಳುತ್ತಾರೆ. ಪಾರಸಿಗಳ ಮೂಲನೆಲದ ಯಾಜ್ದ್ ಪಟ್ಟಣದಿಂದ ಬಂದದ್ದು ಎಂಬುದು ಒಂದು, ಜೆಕ್ ಭಾಷೆಯಲ್ಲಿ 'ಓಡುತ್ತದೆ' ಎಂಬರ್ಥದ ಪದ ಎಂಬುದು ಇನ್ನೊಂದು. ಎರಡೂ ಒಪ್ಪುವಂತಿವೆ. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಅದು ತಯಾರಾಗುತ್ತಲೇ ಇತ್ತು.

ಈಗ ಕೃತಿಗಳ ಹತ್ತಿರ ಹೋಗೋಣ.

ಜಾವಾವನ್ನು ಮೊದಲ ಸಲ ನೋಡುವವರಿಗೆ ಅನಿಸುವುದು, ಇದರಲ್ಲಿ ಮೂಲೆಗಳೇ ಇಲ್ಲವಲ್ಲ ಎಂದು. ಹೆಡ್‌ಲೈಟಿನ ಗುಂಡು ತಲೆಯಿಂದ ಹೊರಟ ರೇಖೆ ಟ್ಯಾಂಕಿನ ಬೆನ್ನೇರಿ, ಸೀಟಿನಲ್ಲಿ ತುಸು ಇಳಿದು, ಹಿಂದಿನ ಮಡ್‌ಗಾರ್ಡಿನಲ್ಲಿ ಸುತ್ತಿಕೊಂಡು ನೆಲ ಸೇರುತ್ತದೆ. ಸ್ಪೀಡೋಮೀಟರೂ ಕೀಲಿಯ ಜಾಗವೂ ಹೆಡ್‌ಲೈಟಿನ ಬುರುಡೆಯೊಳಗೇ ಅಡಗಿವೆ. ಸರಪಳಿ ಕೂಡ ಮುಚ್ಚಿದ ಪೆಟ್ಟಿಗೆಯೊಳಗಿದೆ. ಕೆಂಪು ಬಣ್ಣದ ಟ್ಯಾಂಕಿನ ಎರಡು ಬದಿಗೆ ಮಂಡಿ ಒತ್ತಿಕೊಳ್ಳಲು ರಬ್ಬರಿನ ಹಲಗೆ. ಒಂದೇ ಸಿಲಿಂಡರು, ಆದರೆ ಸೈಲೆನ್ಸರ್ ಎರಡು, ಎಡಕ್ಕೊಂದು ಬಲಕ್ಕೊಂದು. ಕೆಲಸದ ದೃಷ್ಟಿಯಿಂದ ಒಂದು ಸಾಕಾಗಿತ್ತು. ಎರಡು ಇರುವುದು ಸಮತೂಕಕ್ಕೆ, ಛಂದಸ್ಸಿನ ಪಾದ ತುಂಬಿದ ಹಾಗೆ.

ಅದರ ಒಳ್ಳೆಯ ಉಪಾಯ ಇರುವುದು ಎಡಗಾಲಿನ ಹತ್ತಿರ. ಜಾವಾಕ್ಕೆ ಕಿಕ್ಕೂ ಗೇರೂ ಬೇರೆ ಬೇರೆ ಅಲ್ಲ, ಒಂದೇ ಸನ್ನೆ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು. ಗಾಡಿ ಚಾಲೂ ಆದ ಮೇಲೆ ಅದನ್ನೇ ಮುಂದಕ್ಕೆ ಮಲಗಿಸಿದರೆ ಗೇರು. ಇನ್ನೊಂದು ಮಾತು: ಗೇರು ಒತ್ತಿದೊಡನೆ ಕ್ಲಚ್ ತಾನಾಗಿ ಬಿಟ್ಟುಕೊಡುತ್ತದೆ, ಕೈ ಹಿಡಿಯದಿದ್ದರೂ ನಡೆಯುತ್ತದೆ. ಕೀಲಿಯೋ, ಮೊಳೆಯಂಥ ಒಂದು ಕಡ್ಡಿ. ಕಾಕಾನ ಮೂಲ ಕೀಲಿ ಯಾವುದೋ ಜಾತ್ರೆಯಲ್ಲಿ ಕಳೆದಿತ್ತು. ಆಮೇಲೆ ಅವರು ತೋಟದ ಚಪ್ಪರದ ಕೆಲಸಕ್ಕೆ ತಂದ ಮೊಳೆಗಳಲ್ಲಿ ಒಂದನ್ನು ಆರಿಸಿ, ತುದಿ ಉಜ್ಜಿ, ಅದರಲ್ಲೇ ಹತ್ತಾರು ವರ್ಷ ಗಾಡಿ ಓಡಿಸಿದರು. ಕಳ್ಳತನ ಆಗುವುದಿಲ್ಲವೇ ಎಂದರೆ, "ಕದ್ದಾಂವಗ ಕಿಕ್ ಹೊಡಿಯಾಕ ಬರಬೇಕಲ್ಲೋ" ಎನ್ನುತ್ತಿದ್ದರು.

ಕಡಿಮೆ ಭಾಗಗಳಲ್ಲಿ ಹೆಚ್ಚು ಅರ್ಥ, ಎಲ್ಲಿಯೂ ಹೊಲಿಗೆ ಕಾಣದ ಮೈ. ಇದು ತನ್ನೊಳಗೆ ತಾನು ಪೂರ್ತಿಯಾದ ಕೃತಿ. ಪುಣೆಯವರು ಮರುಳಾದದ್ದರಲ್ಲಿ ತಪ್ಪಿಲ್ಲ.

ಆದರೆ ಅದು ಯಾವ ರಸ್ತೆಗಾಗಿ ಬರೆದ ಕೃತಿ? ಸಣ್ಣ ಚಕ್ರ, ತಗ್ಗಿದ ಮೈ, ಅಂದವಾಗಿ ಮುಚ್ಚಿಕೊಂಡ ಮಡ್‌ಗಾರ್ಡು. ಮಳೆಗಾಲದಲ್ಲಿ ಘೋಣಸಗಿಯ ಎರೆಮಣ್ಣಿನ ದಾರಿಯಲ್ಲಿ ಹೋದವರಿಗೆ ಗೊತ್ತು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಕಾಕಾ ಸೀಟಿನ ಕೆಳಗೆ ಒಂದು ಕಬ್ಬಿಣದ ಪಟ್ಟಿ ಇಟ್ಟುಕೊಂಡಿರುತ್ತಿದ್ದರು, ಅರ್ಧ ಮೈಲಿಗೊಮ್ಮೆ ಇಳಿದು ಮಣ್ಣು ಕೆರೆಯಲು. ಜಾವಾ ಸುಂದರವಾಗಿತ್ತು, ಆದರೆ ನಮ್ಮ ನೆಲ ಅದರ ಲೆಕ್ಕದಲ್ಲಿ ಇರಲಿಲ್ಲ.

ರೋಡ್‌ಕಿಂಗಿಗೆ ಬರೋಣ. ಎಂಜಿನ್ನು ಅದೇ ವಂಶದ್ದು. ಅದೇ ಟೂ ಸ್ಟ್ರೋಕ್, ಅದೇ 250 ಸಿಸಿ ಗಾತ್ರ, ಅದೇ ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕೇ ಗೇರಾಗುವ ಅದೇ ಸನ್ನೆ. ಆದರೆ ಶಕ್ತಿ 12ರಿಂದ 16 ಅಶ್ವಶಕ್ತಿಗೆ ಏರಿದೆ. ಚಕ್ರ ದೊಡ್ಡದಾಗಿದೆ, ಮೈ ನೆಲದಿಂದ ಎತ್ತರಕ್ಕೆ ನಿಂತಿದೆ. ಜಾವಾ ಮುಚ್ಚಿಟ್ಟದ್ದರಲ್ಲಿ ಕೆಲವನ್ನು ಇದು ಬಿಚ್ಚಿ ತೋರಿಸುತ್ತದೆ. ಹೆಡ್‌ಲೈಟು ಬೇರೆಯಾಗಿ ಮುಂದಕ್ಕೆ ಚಾಚಿದೆ, ಟ್ಯಾಂಕಿಗೆ ಮೂಲೆಗಳು ಬಂದಿವೆ. ಒಂದು ರೇಖೆ ಹರಿದು ಹೋಗುವುದಿಲ್ಲ, ಅಲ್ಲಲ್ಲಿ ತುಂಡಾಗುತ್ತದೆ. ಚೆಲುವಿನ ಪರೀಕ್ಷೆಯಲ್ಲಿ ಇಟ್ಟರೆ ಜಾವಾದ ಮುಂದೆ ಇದು ಗೆಲ್ಲುವುದಿಲ್ಲ.

ಆದರೆ ಅಪ್ಪ ಇದರ ಮೇಲೆ ಹೇರಿದ್ದನ್ನು ನಾನು ನೋಡಿದ್ದೇನೆ. ಎರಡು ಬದಿಗೆ ಹಾಲಿನ ಕ್ಯಾನು, ಹಿಂದೆ ಅವ್ವ, ಟ್ಯಾಂಕಿನ ಮೇಲೆ ನಾನು. ಸುಗ್ಗಿಯಲ್ಲಿ ಜೋಳದ ಚೀಲ. ಹೊಲದ ಬದುವಿನ ಮೇಲೂ ಹೋಗುತ್ತಿತ್ತು, ತಿಕೋಟಾ ದಾಟಿ ವಿಜಯಪುರದ ಡಾಂಬರು ರಸ್ತೆಯಲ್ಲಿ ಬಸ್ಸನ್ನು ಹಿಂದೆ ಹಾಕುತ್ತಲೂ ಹೋಗುತ್ತಿತ್ತು. ರಾತ್ರಿ ಅಪ್ಪ ಬರುವ ಮುನ್ನ ಗಾಡಿಯ ಸದ್ದು ಬರುತ್ತಿತ್ತು, ಅವ್ವ ರೊಟ್ಟಿಯ ಹಂಚು ಒಲೆಯ ಮೇಲಿಡುತ್ತಿದ್ದಳು. ಜಾವಾದ ಸದ್ದು ಒಂದೇ ಲಯದಲ್ಲಿ ಬಡಿಯುವ ಮೆಲುದನಿ. ರೋಡ್‌ಕಿಂಗಿನದು ಅದೇ ಲಯ, ಆದರೆ ಗಂಟಲು ಒರಟು.

ಈ ಜೋಡಿಯನ್ನು ನೋಡಿದಾಗಲೆಲ್ಲ ನನಗೆ ತರಗತಿಯ ಹಳೆಯ ಪ್ರಶ್ನೆ ನೆನಪಾಗುತ್ತದೆ: ಪಂಪನೋ ರನ್ನನೋ? ಪಂಪ ಸುಮಾರು 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ. ಕೆಲವು ದಶಕಗಳ ಬಳಿಕ ನಮ್ಮ ನೆರೆಯ ಮುಧೋಳ ಸೀಮೆಯ ರನ್ನ 'ಗದಾಯುದ್ಧ' ಬರೆದ. ಗದಾಯುದ್ಧದ ಬೀಜ ಪಂಪನ ಹದಿಮೂರನೆಯ ಆಶ್ವಾಸದಲ್ಲಿದೆ ಎಂಬುದು ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಮಾತು. ಹಾಗೆಂದು ರನ್ನನನ್ನು ನಕಲುಗಾರ ಎನ್ನುವವರು ಯಾರೂ ಇಲ್ಲ. ಪಂಪನ ನಾಯಕ ಅರ್ಜುನ, ರನ್ನನ ನಾಯಕ ಭೀಮ. ಪಂಪನಲ್ಲಿ ಇಡೀ ಭಾರತದ ಹರವಿದೆ. ರನ್ನ ಅದರಲ್ಲಿ ಒಂದೇ ದಿನದ ಒಂದೇ ಕಾಳಗವನ್ನು ಎತ್ತಿಕೊಂಡು, ಹಿಂದಿನದನ್ನೆಲ್ಲ ಸಿಂಹಾವಲೋಕನದಲ್ಲಿ ಹೇಳಿ, ಒಂದೇ ಗುಣವನ್ನು, ಆ ಆವೇಶವನ್ನು, ಕಾವ್ಯದ ತುಂಬ ಬೆಳೆಸಿದ. ಪಂಪನ ಹದ ಅವನಲ್ಲಿ ಇಲ್ಲ, ಹದ ಅವನಿಗೆ ಬೇಕಾಗಿಯೂ ಇರಲಿಲ್ಲ.

ರೋಡ್‌ಕಿಂಗ್ ಜಾವಾಕ್ಕೆ ಮಾಡಿದ್ದು ಇದನ್ನೇ. ಮೂಲದಿಂದ ಒಂದು ಗುಣವನ್ನು, ಆ ಎಂಜಿನ್ನಿನ ಬಲವನ್ನು, ಎತ್ತಿಕೊಂಡು ಅದನ್ನೇ ನಮ್ಮ ರಸ್ತೆಗೆ, ನಮ್ಮ ಹೊರೆಗೆ ತಕ್ಕಂತೆ ಬೆಳೆಸಿತು. ಹೆಸರಿನ ಪರವಾನಗಿ ಇಲ್ಲದ ಕಾಲದಲ್ಲಿ, ತನ್ನದೇ ಹೆಸರಿನಲ್ಲಿ. ಜಾವಾ ನಾವು ಸ್ವೀಕರಿಸಿದ ಕೃತಿ, ಒಳ್ಳೆಯ ಅನುವಾದ. ರೋಡ್‌ಕಿಂಗ್ ಆ ಅನುವಾದ ಓದಿಕೊಂಡು ಬೆಳೆದವನು ಬರೆದ ಸ್ವಂತ ಕೃತಿ. ಅದರ ಒರಟುತನ ಅದರ ಬರವಣಿಗೆಯ ಭಾಗ.

ಇದಕ್ಕೆ ಒಂದು ಆಕ್ಷೇಪ ಇದೆ, ಪುಣೆಯವರೇ ಅದನ್ನು ಹೇಳಿದರು. "ಸರ್, ಮೂಲ ಮೂಲವೇ" ಎಂದರು. ಮೂಲ ಎಂದರೆ ಯಾವುದು? ಕಾಕಾನ ಜಾವಾ ಕೂಡ ಮೈಸೂರಿನಲ್ಲಿ ತಯಾರಾದದ್ದು. ಅದರ ಮೂಲವೂ ಹಿಂದೆ, ಯುದ್ಧದ ಕಾಲದ ಜೆಕ್ ಎಂಜಿನಿಯರುಗಳ ತಲೆಯಲ್ಲಿದೆ. ಮೂಲದ ಹಂಬಲ ಹಿಡಿದು ಹೊರಟವರು ಎಲ್ಲಿಯೂ ನಿಲ್ಲುವಂತಿಲ್ಲ. ಮಾರುಕಟ್ಟೆ ಮೂಲಕ್ಕೆ ಬೆಲೆ ಕಟ್ಟುವುದು ಅದು ಅಪರೂಪ ಎಂಬ ಕಾರಣಕ್ಕೆ. ಅಪರೂಪ ಎಂಬುದು ಸಂಗ್ರಹಕಾರನ ಅಳತೆ. ವಿಮರ್ಶಕ ಅದನ್ನು ಎರವಲು ತಂದರೆ ಹಳೆಯದೆಲ್ಲ ದೊಡ್ಡದಾಗುತ್ತದೆ.

ಹಾಗೆಯೇ ಅಂಕಿಯ ಅಳತೆಯೂ ಸಾಲದು. 12ಕ್ಕಿಂತ 16 ದೊಡ್ಡದು, ಆದ್ದರಿಂದ ರೋಡ್‌ಕಿಂಗ್ ದೊಡ್ಡದು ಎನ್ನುವುದು, ಗೋಳಗುಮ್ಮಟದ ಗುಮ್ಮಟ ದೊಡ್ಡದು, ಆದ್ದರಿಂದ ಇಬ್ರಾಹಿಂ ರೋಜಾ ಸಣ್ಣದು ಎಂದ ಹಾಗೆ. ವಿಜಯಪುರದಲ್ಲಿ ಬೆಳೆದ ಯಾರೂ ಹಾಗೆ ಹೇಳುವುದಿಲ್ಲ. ತಂದೆಯ ಗೋರಿ ಹತ್ತಿರ ಹೋಗಿ ನೋಡಬೇಕಾದದ್ದು, ಮಗನ ಗೋರಿ ದೂರದಿಂದ ನೋಡಬೇಕಾದದ್ದು. ಯಾವುದಕ್ಕೆ ಎಲ್ಲಿ ನಿಂತುಕೊಳ್ಳಬೇಕು ಎಂಬುದನ್ನು ಆಯಾ ಕೃತಿಯೇ ಹೇಳುತ್ತದೆ.

ನನ್ನ ಅಳತೆ ಬೇರೆ. ಒಂದು ಯಂತ್ರ ತನ್ನ ಸವಾರನಿಂದ ಏನು ಕೇಳುತ್ತದೆ? ಈ ಎರಡೂ ಗಾಡಿಗಳು ಕೇಳುತ್ತಿದ್ದವು. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕೆಂಬ ತಿಳಿವಳಿಕೆ ಕೇಳುತ್ತಿದ್ದವು. ಕಡಿಮೆಯಾದರೆ ಎಂಜಿನ್ ಹಿಡಿಯುತ್ತದೆ, ಹೆಚ್ಚಾದರೆ ಊರೆಲ್ಲ ಹೊಗೆ. ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿ ಒಳಗಿನ ಆರೋಗ್ಯ ಹೇಳುವ ಕಣ್ಣು ಕೇಳುತ್ತಿದ್ದವು. ಸದ್ದಿನಲ್ಲಿ ವ್ಯತ್ಯಾಸ ಆದರೆ ಗುರುತಿಸುವ ಕಿವಿ ಕೇಳುತ್ತಿದ್ದವು. ಊರಿನಲ್ಲಿ ಗಾಡಿ ಇದ್ದವರೆಲ್ಲ ಅರ್ಧ ಮಿಸ್ತ್ರಿಗಳಾಗಿದ್ದರು. ಓದುಗನನ್ನು ತಯಾರು ಮಾಡುವ ಕೃತಿ ದೊಡ್ಡ ಕೃತಿ ಎಂಬುದಾದರೆ, ಈ ಕಾರ್ಖಾನೆ ಕರ್ನಾಟಕದ ಹಳ್ಳಿಗಳಲ್ಲಿ ಎಷ್ಟೋ ಸಾವಿರ ಓದುಗರನ್ನು ತಯಾರು ಮಾಡಿತು.

ಅದೇ ಅದರ ಸೋಲಿಗೂ ಕಾರಣವಾಯಿತು ಎಂಬುದನ್ನು ಮರೆಮಾಚಬಾರದು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಪೆಟ್ರೋಲ್ ತುಂಬಿಸಿ ಮರೆತುಬಿಡಿ ಎಂಬ ಅರ್ಥದ ಜಾಹೀರಾತು ಅದರದು. ಫೋರ್ ಸ್ಟ್ರೋಕ್ ಎಂಜಿನ್ನು, ಆಯಿಲ್ ಬೆರೆಸುವ ಕೆಲಸವಿಲ್ಲ, ಲೀಟರಿಗೆ ಎಂಬತ್ತು ಕಿಲೋಮೀಟರಿನ ಮಾತು. ಅಪ್ಪನ ರೋಡ್‌ಕಿಂಗ್ ಮೂವತ್ತರ ಆಸುಪಾಸಿನಲ್ಲಿತ್ತು. ಹಾಲು ಹಾಕುವವನಿಗೆ, ಮೇಷ್ಟ್ರಿಗೆ, ಕಂಡಕ್ಟರಿಗೆ ಲೆಕ್ಕ ಸುಲಭವಾಗಿತ್ತು. ಮೈಸೂರಿನ ಕಾರ್ಖಾನೆ ತನ್ನ ಎಂಜಿನ್ನಿನ ಮೂಲ ವಿನ್ಯಾಸವನ್ನು ಮೂವತ್ತೈದು ವರ್ಷ ಹಾಗೆಯೇ ಇಟ್ಟುಕೊಂಡಿತು. ರೋಡ್‌ಕಿಂಗ್ ಎಂಬ ಒಂದು ಜಿಗಿತದ ನಂತರ ಅಷ್ಟು ದೊಡ್ಡ ಇನ್ನೊಂದು ಜಿಗಿತ ಬರಲಿಲ್ಲ. ಹೊಗೆಯ ಕಾನೂನು ಬಿಗಿಯಾಯಿತು, ಒಳಗಿನ ತೊಂದರೆಗಳೂ ಸೇರಿಕೊಂಡವು, 1996ರಲ್ಲಿ ಬಾಗಿಲು ಮುಚ್ಚಿತು. ಪಂಪನಿಂದ ರನ್ನ ಹುಟ್ಟಿದ, ಸರಿ. ಆದರೆ ರನ್ನನನ್ನೇ ಮತ್ತೆ ಮತ್ತೆ ಅಚ್ಚು ಹಾಕುತ್ತ ಕೂತಿದ್ದರೆ ವಚನ ಹುಟ್ಟುತ್ತಿರಲಿಲ್ಲ. ಪರಂಪರೆಯ ಮೇಲಿನ ಪ್ರೀತಿ ಒಂದು ಹಂತದ ನಂತರ ಸೋಮಾರಿತನಕ್ಕೆ ಹೊದಿಕೆಯಾಗುತ್ತದೆ.

2018ರಲ್ಲಿ ಜಾವಾ ಹೆಸರು ಮತ್ತೆ ಬಂತು, ಮಹೀಂದ್ರಾದ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯಿಂದ. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. 2022ರಲ್ಲಿ ಯೆಜ್ದಿಯೂ ಬಂತು. ಹೊಸ ಜಾವಾದ ಟ್ಯಾಂಕಿನ ಆಕಾರ ಹಳೆಯದರ ನೆನಪು ತರುತ್ತದೆ, ಎರಡು ಸೈಲೆನ್ಸರುಗಳೂ ಇವೆ. 2018ರ ಗಾಡಿಯ ಎಂಜಿನ್ನು ಮಾತ್ರ ನೀರಿನಿಂದ ತಣಿಯುವ 293 ಸಿಸಿಯ ಫೋರ್ ಸ್ಟ್ರೋಕ್ ಆಗಿತ್ತು. ಕಾಲೇಜಿನ ಹುಡುಗನೊಬ್ಬ ಅದನ್ನು ತಂದು ಕಾಕಾನಿಗೆ ತೋರಿಸಿದ. ಅವರು ಹತ್ತಿ ಕೂತು, ಎಡಗಾಲಿನಿಂದ ಗೇರಿನ ಸನ್ನೆಯನ್ನು ಒಳಕ್ಕೆ ಒತ್ತಿ ತಿರುಗಿಸಲು ಹೋದರು. ಅದು ತಿರುಗಲಿಲ್ಲ. ಹುಡುಗ ಹ್ಯಾಂಡಲ್ಲಿನ ಮೇಲಿನ ಗುಂಡಿ ತೋರಿಸಿದ. ಕಾಕಾ ಗುಂಡಿ ಒತ್ತಿ, ಸ್ವಲ್ಪ ಹೊತ್ತು ಸದ್ದು ಕೇಳಿ, "ಛಲೋ ಐತಿ. ಆದರ ಇದು ಜಾವಾ ಅಲ್ಲ, ಜಾವಾದ ಅಂಗಿ" ಎಂದರು. ವಿಮರ್ಶೆಯ ಪುಸ್ತಕಗಳಲ್ಲಿ ಅನುಕರಣೆಗೂ ಮರುಸೃಷ್ಟಿಗೂ ಇರುವ ಅಂತರವನ್ನು ಪುಟಗಟ್ಟಲೆ ಹೇಳಿದ್ದಾರೆ. ರೋಡ್‌ಕಿಂಗ್ ಅಂಗಿ ಬದಲಿಸಿತು, ಜೀವ ಉಳಿಸಿಕೊಂಡಿತು. ಹೊಸ ಜಾವಾ ಅಂಗಿ ಉಳಿಸಿಕೊಂಡಿತು. ಅದು ಕೆಟ್ಟ ಗಾಡಿ ಅಲ್ಲ. ಆದರೆ ಅದು ನಮ್ಮಿಂದ ಕೇಳುವುದು ನೆನಪನ್ನು ಮಾತ್ರ, ಕೈಕೆಲಸವನ್ನಲ್ಲ.

ಮೈಸೂರಿಗೆ ಹೋದಾಗಲೆಲ್ಲ ಯಾದವಗಿರಿಯಲ್ಲಿ ಒಂದು ಸುತ್ತು ಹಾಕುತ್ತೇನೆ. ಅದೇ ಬಡಾವಣೆಯಲ್ಲಿ ಆರ್. ಕೆ. ನಾರಾಯಣ್ ಅವರ ಮನೆ ಇದೆ. ಅದನ್ನು ಕೆಡವಲು ಹೊರಟಾಗ ಜನ ದನಿ ಎತ್ತಿದರು, ಮನೆ ಉಳಿಯಿತು, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಒಳ್ಳೆಯದಾಯಿತು. ಆದರೆ ಅದೇ ಯಾದವಗಿರಿಯಲ್ಲಿ ಮೂವತ್ತೈದು ವರ್ಷ ಬೇರೊಂದು ಬಗೆಯ ಬರವಣಿಗೆ ನಡೆದಿತ್ತು ಎಂಬುದನ್ನು ನಮ್ಮ ಸಾಹಿತ್ಯದವರು ಗಮನಿಸಿದ್ದು ಕಡಿಮೆ. ಕನ್ನಡ ನಾಡಿನ ಕೈಗಳು ಕಬ್ಬಿಣದಲ್ಲಿ ಬರೆದದ್ದನ್ನು ಓದಲು ನಾವು ಇನ್ನೂ ಕಲಿಯಬೇಕಿದೆ.

ಇನ್ನು ತೀರ್ಪು. ಚೆಲುವಿನಲ್ಲಿ ಜಾವಾ ಮೇಲು, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎರಡರಲ್ಲಿ ದೊಡ್ಡ ಕೃತಿ ರೋಡ್‌ಕಿಂಗ್. ಪಡೆದದ್ದನ್ನು ಹಾಗೆಯೇ ಒಪ್ಪಿಸದೆ, ತನ್ನ ನೆಲದ ಕೆಸರಿಗೂ ಹೊರೆಗೂ ಉತ್ತರ ಕೊಟ್ಟದ್ದು ಅದು.

ಕಾಕಾನಿಗೆ ಇದನ್ನು ಇಷ್ಟು ಉದ್ದ ಹೇಳಲಿಲ್ಲ. "ರೋಡ್‌ಕಿಂಗ್ ಇಟ್ಕೊಳ್ಳೂಣು ಕಾಕಾ" ಎಂದೆ. ಅವರು ಒಮ್ಮೆ ನಕ್ಕರು. "ನಿಮ್ಮಪ್ಪನ ಗಾಡಿ ಅಂತ ಹಂಗಂತೀಯೋ, ಖರೇನ ಛಲೋ ಅಂತೀಯೋ?" ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ತೀರ್ಪು ಕೊಡುವವನ ಕೈಯಲ್ಲಿ ತಕ್ಕಡಿ ಇರುತ್ತದೆ, ಆದರೆ ಆ ಕೈ ಯಾರ ಮನೆಯದು ಎಂಬುದೂ ತೂಕಕ್ಕೆ ಸೇರುತ್ತದೆ. ಅದನ್ನು ಒಪ್ಪಿಕೊಂಡು ಬರೆದರೆ ಓದುವವರು ತಾವೇ ಆ ತೂಕ ಕಳೆದು ನೋಡಬಹುದು.

ಮುಂದಿನ ವಾರ ಪುಣೆಯವರು ಟೆಂಪೋ ತಂದರು. ಜಾವಾವನ್ನು ನಾಲ್ಕು ಜನ ಹಿಡಿದು ಏರಿಸಿದರು. ಹಗ್ಗ ಬಿಗಿದ ಮೇಲೆ ಅವರು ಕೀಲಿ ಕೇಳಿದರು. ಕಾಕಾ ಒಳಗೆ ಹೋಗಿ, ಜಗಲಿಯ ಮೇಲಿನ ಡಬ್ಬಿಯಿಂದ ಆ ಮೊಳೆ ತಂದು ಅವರ ಅಂಗೈಯಲ್ಲಿಟ್ಟರು. ಅವರು ಅದನ್ನು ತಿರುಗಿಸಿ ನೋಡಿ, ಒರಿಜಿನಲ್ ಕೀಲಿ ಇಲ್ಲವೇ ಎಂದರು. "ಇದ ಒರಿಜಿನಲ್ ರೀ" ಎಂದರು ಕಾಕಾ.